ಹೊಲದ ದಾರಿಗೆ ಗರಸು ಬೇಡ, ಮೊದಲು ಬ್ಲೇಡ್ ಹಾಕಿ

ಮಳೆ ಶುರುವಾಯ್ತು ಅಂದ್ರೆ ನಮ್ಮ ಕಡೆ ಒಂದೇ ಮಾತು, ಪಂಚಾಯ್ತಿಯೋರು ಹತ್ತು ಲೋಡ್ ಗರಸು ಹೊಡೆಸಲಿ ಅಂತ. ನನ್ನ ಅಭಿಪ್ರಾಯ ಬೇರೆ. ನಮ್ಮ ದಾರೀಲಿ ಗರಸು ಇದೆ ಕಣ್ರಪ್ಪ. ಅದು ಎರಡೂ ಅಂಚಿಗೆ ಹೋಗಿ ಹುಲ್ಲು ಬೆಳಕೊಂಡು ಕೂತಿದೆ. ನಡುವೆ ಗುಂಡಿ, ಅಂಚಲ್ಲಿ ದಿಣ್ಣೆ. ನೀರು ಪಕ್ಕಕ್ಕೆ ಹೋಗಕ್ಕಾಗದೆ ಚಕ್ರದ ಜಾಡಲ್ಲೇ ಹರಿದು ದಾರೀನೆ ಹಳ್ಳ ಆಗಿದೆ. ಅದರ ಮೇಲೆ ಇನ್ನೂ ಹತ್ತು ಲೋಡ್ ಸುರಿದ್ರೆ ಅದೂ ಹಳ್ಳಕ್ಕೇ.

ಜೆಸಿಬಿ ಕರೆಸಿ ಬಕೆಟ್ಟಲ್ಲಿ ಕೆರೆಸೋದು ಇನ್ನೊಂದು. ಕೆರೆಸಿದ ದಿನ ನೋಡೋಕೆ ಚೆಂದ. ವರ್ಷ ವರ್ಷ ಕೆರೆದು ಕೆರೆದು ಈಗ ಎಷ್ಟೋ ಕಡೆ ದಾರಿ ಹೊಲಕ್ಕಿಂತ ಒಂದಡಿ ಕೆಳಗಿದೆ. ಹೊಲದ ನೀರೂ ದಾರಿಗೇ ಇಳಿಯುತ್ತೆ.

ಟ್ರಾಕ್ಟರ್ ಹಿಂದಕ್ಕೆ ಹಾಕೋ ಬ್ಲೇಡ್ ಸಾಕು. ನಾನು ಮಾಡೋದು ಹೀಗೆ. ಭರಣಿ, ಕೃತ್ತಿಕಾ ಮಳೆ ಬಿದ್ದ ಮೇಲೆ ಒಂದು ಸಲ, ಸ್ವಾತಿ ಕಳೆದ ಮೇಲೆ ಇನ್ನೊಂದು ಸಲ. ಗರಸು ಮುಷ್ಟೀಲಿ ಹಿಡಿದ್ರೆ ಉಂಡೆ ಆಗಬೇಕು, ಕೈಗೆ ಅಂಟಬಾರದು, ಅದು ಹದ. ಒಣಗಿದ್ದಾಗ ಎಳೆದ್ರೆ ಧೂಳು ಹಾರುತ್ತೆ, ಗರಸು ಕೂರಲ್ಲ.

ಬ್ಲೇಡನ್ನ ಓರೆ ಮಾಡ್ಕೊಳ್ಳಿ, 30 ಡಿಗ್ರಿ ಮೇಲೆ ಇರಲಿ. ಎಡತುದಿ ಮುಂದೆ, ಬಲತುದಿ ಹಿಂದೆ. ಬಲಗಡೆ ಲಿಫ್ಟ್ ರಾಡಿನ ಹ್ಯಾಂಡಲ್ ತಿರುಗಿಸಿ ಬಲತುದಿ ಸ್ವಲ್ಪ ಎತ್ತರಿಸಿ. ದಾರಿಯ ಎಡಕ್ಕೇ ಹೋದ್ರೆ ಅಂಚಿನ ಗರಸು ತಾನಾಗೇ ನಡುವಿಗೆ ಬರುತ್ತೆ. ವಾಪಸ್ ಬರುವಾಗಲೂ ಎಡಕ್ಕೇ ಬನ್ನಿ, ಏನೂ ಬದಲಾಯಿಸೋ ಹಾಗಿಲ್ಲ. ಪೊಸಿಷನ್ ಕಂಟ್ರೋಲ್ ಲಿವರಲ್ಲೇ ಓಡಿಸಿ. ಡ್ರಾಫ್ಟಲ್ಲಿ ಬಿಟ್ರೆ ಭಾರ ಬಿದ್ದಾಗೆಲ್ಲ ಬ್ಲೇಡ್ ಮೇಲೇಳುತ್ತೆ, ಅಲೆ ಅಲೆ ಬೀಳುತ್ತೆ. ನಡಕೊಂಡು ಹೋಗೋ ವೇಗ ಸಾಕು. ನಮ್ಮ ಹುಡುಗರಿಗೆ ಇದೊಂದು ಹೇಳೋದೇ ಕಷ್ಟ!

12 ಅಡಿ ದಾರಿಗೆ ನಡು 3 ಇಂಚು ಉಬ್ಬಿರಬೇಕು. ಅಷ್ಟಿದ್ರೆ ನೀರು ನಿಲ್ಲಲ್ಲ. ಗುಂಡಿಗೆ ಬರೀ ಮಣ್ಣು ತುಂಬಿದ್ರೆ ಎರಡು ಮಳೆಗೆ ಎದ್ದೋಗುತ್ತೆ. ಗುಂಡಿ ತಳದವರೆಗೂ ಕೆತ್ತಿ, ಆಮೇಲೆ ಹರಡಬೇಕು. ಕೆತ್ತಿದ್ದು ಸಾಲದಿದ್ರೆ ಆಗ ಗರಸು ತರಿಸಿ. ಬರೀ ಜಲ್ಲಿ ಬೇಡ, ಮಣ್ಣಿನ ಅಂಟಿಲ್ಲದೆ ಅದು ನಿಲ್ಲಲ್ಲ, ಚಕ್ರಕ್ಕೆ ಚೆದುರುತ್ತೆ. ನಮ್ಮ ಮುಕ್ಕಾಲು ಕಿಲೋಮೀಟರಿಗೆ ಎರಡು ಗಂಟೆ ಕೆಲಸ, ಏಳೆಂಟು ಲೀಟರ್ ಡೀಸೆಲ್.

ಇಷ್ಟೆಲ್ಲಾ ಸುಲಭ. ಕಷ್ಟ ಇರೋದು ನೀರು ಬಿಡೋ ಜಾಗದಲ್ಲಿ. ನನ್ನ ಹೊಲಕ್ಕೆ ನೀರು ಬಿಡಬೇಡಿ ಅಂತ ಪ್ರತಿಯೊಬ್ಬರೂ ಬದು ಕಟ್ತಾರೆ. ಅದರ ಮೇಲೆ ಉಳುವಾಗ ವರ್ಷಕ್ಕೆ ಒಂದು ಸಾಲು ದಾರಿಗೆ ಸೇರಿಸ್ಕೊಂಡು ಚರಂಡೀನೂ ಮುಚ್ತಾರೆ. ಹೋದ ಮುಂಗಾರಲ್ಲಿ ತೋಟದ ಮನೆಯ ಬಾಣಂತಿಗೆ ಮೈ ಸರಿಯಿಲ್ಲದಾಗ ಆಂಬುಲೆನ್ಸ್ ಮೇನ್ ರೋಡಲ್ಲೇ ನಿಂತಿತ್ತು. ಎಳೆ ಕೂಸಿನ ಜೊತೆ ಆ ಹೆಣ್ಣುಮಗಳನ್ನ ಟ್ರೈಲರಲ್ಲಿ ಚಾಪೆ ಹಾಸಿ ಕರ್ಕೊಂಡು ಹೋದ್ವಿ. ಗಾಡಿ ಹೂತಿದ್ದ ಜಾಗ ಯಾವುದು ಅಂದ್ರೆ, ಇಬ್ಬರು ಅಣ್ಣತಮ್ಮಂದಿರು ಚರಂಡಿ ಯಾರ ಕಡೆ ಅಂತ ಜಗಳ ಆಡಿ ಮುಚ್ಚಿದ್ದ ಜಾಗ. ಹೆಸರು ಬೇಡ, ಓದ್ತಿರೋರಿಗೆ ಗೊತ್ತು.

ದಾರಿ ನೀರನ್ನ ಐವತ್ತು ಮಾರಿಗೊಂದು ಕಡೆ ಸಣ್ಣ ಕಾಲುವೆ ಮಾಡಿ ತೆಂಗಿನ ಸಾಲಿಗೆ ತಿರುಗಿಸಿದ್ರೆ ಯಾರ ಬೆಳೆಯೂ ಕೊಚ್ಚಿಹೋಗಲ್ಲ. ನಾನು ನನ್ನ ತೋಟಕ್ಕೆ ಮೂರು ಕಡೆ ಬಿಟ್ಕೊಂಡಿದ್ದೀನಿ, ಬಂದು ನೋಡಿ.

ಬ್ಲೇಡ್ ನಮ್ಮ ಶೆಡ್ಡಲ್ಲಿದೆ, ಬಾಡಿಗೆ ಬೇಡ. ಡೀಸೆಲ್ ನಿಮ್ಮದು. ಆದ್ರೆ ನೀರು ಎಲ್ಲಿ ಬಿಡ್ತೀರಿ ಅಂತ ಅಕ್ಕಪಕ್ಕದ ಹೊಲದೋರು ಮಾತಾಡ್ಕೊಂಡು, ಇಬ್ಬರೂ ಒಟ್ಟಿಗೆ ಬಂದು ಕೇಳಿ. ಒಬ್ಬರೇ ಬಂದ್ರೆ ಕೊಡಲ್ಲ.