ಮಾಟ-ಮಂತ್ರದ ಕಥೆಗಳನ್ನು ಮಕ್ಕಳ ಕೈಗೆ ಕೊಡಬಹುದೇ?

ಬೇಸಿಗೆಯ ರಜೆ ಸಮೀಪಿಸಿದಂತೆ ಮಕ್ಕಳಿಗೆ ಯಾವ ಪುಸ್ತಕ ಕೊಡಿಸಬೇಕೆಂಬ ವಿಚಾರ ಮನೆಮನೆಗಳಲ್ಲಿ ಏಳುತ್ತದೆ. ನೀತಿಕಥೆಗಳು, ಮಹಾಪುರುಷರ ಜೀವನಚರಿತ್ರೆಗಳು, ಸಾಮಾನ್ಯಜ್ಞಾನದ ಪುಸ್ತಕಗಳು, ಇವುಗಳ ವಿಷಯದಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಹನ್ನೆರಡು ವರ್ಷದ ಮಗನೋ ಮಗಳೋ ಮಾಂತ್ರಿಕರು, ಕುಬ್ಜರು, ಬೆಂಕಿಯುಗುಳುವ ಘಟಸರ್ಪಗಳು ತುಂಬಿರುವ ದಪ್ಪ ಕಾದಂಬರಿಯೊಂದನ್ನು ಬೇಡಿದಾಗ ತಂದೆತಾಯಿಗಳು ಹುಬ್ಬು ಗಂಟಿಕ್ಕುತ್ತಾರೆ. ಮೂಢನಂಬಿಕೆ ಸಲ್ಲದೆಂದು ಹೇಳಿಕೊಡುವ ಮನೆಯಲ್ಲಿ ಇಂತಹ ಪುಸ್ತಕಗಳೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಇಂಗ್ಲಿಷಿನಲ್ಲಿ ಫ್ಯಾಂಟಸಿ ಎಂದು ಕರೆಯಲಾಗುವ ಈ ಅದ್ಭುತರಮ್ಯ ಕಾದಂಬರಿಗಳಲ್ಲಿ ಯಾವುದನ್ನು ಆರಿಸಬೇಕು, ಹೇಗೆ ಆರಿಸಬೇಕು ಎಂಬುದನ್ನು ಈ ಸಲ ನೋಡೋಣ.

ಮೊದಲು ನಮ್ಮದೇ ಜನಪದ ಕಥೆಯೊಂದನ್ನು ನೆನೆಯೋಣ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿ ಲೋಕಕ್ಕೆಲ್ಲ ಪರಿಚಯಿಸಿದ, 1992ರಲ್ಲಿ ಗಿರೀಶ್ ಕಾರ್ನಾಡರು ‘ಚೆಲುವಿ’ ಎಂಬ ಚಿತ್ರವನ್ನಾಗಿಸಿದ, ಹೂವಿನ ಮರವಾಗುವ ಹುಡುಗಿಯ ಕಥೆ ಅದು. ಬಡ ತಾಯಿಯ ಮಗಳು ಒಂದು ಕೊಡ ನೀರು ಹೊಯ್ದರೆ ಮರವಾಗುತ್ತಾಳೆ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ಆದರೆ ಉಗುರು ತಾಗಿಸಬಾರದು, ಎಲೆ ಹರಿಯಬಾರದು, ಕೊಂಬೆ ಮುರಿಯಬಾರದು. ಅಕ್ಕ ಜೋಪಾನವಾಗಿ ಹೂ ಬಿಡಿಸಿದಷ್ಟು ದಿನ ಎಲ್ಲವೂ ಸುಸೂತ್ರ. ನಾದಿನಿಯೂ ಅವಳ ಗೆಳತಿಯರೂ ಆಸೆಬುರುಕತನದಿಂದ ಕೊಂಬೆ ಮುರಿದು ಓಡಿಹೋದಾಗ ಆ ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಇಲ್ಲಿ ಅದ್ಭುತವಿದೆ, ಆದರೆ ಅದಕ್ಕೊಂದು ಕಟ್ಟಳೆಯಿದೆ. ಕಟ್ಟಳೆ ಮೀರಿದರೆ ಯಾರೋ ಒಬ್ಬರು ನೋವುಣ್ಣಬೇಕಾಗುತ್ತದೆ.

ಪುಸ್ತಕವನ್ನು ಅಳೆಯಲು ನಾನು ಬಳಸುವ ಅಳತೆಗೋಲು ಇದೇ. ಮೂಢನಂಬಿಕೆಯು ಶ್ರಮವಿಲ್ಲದೆ ಫಲ ದೊರಕಿಸುವೆನೆಂದು ಮನುಷ್ಯನನ್ನು ನಂಬಿಸುತ್ತದೆ. ಒಳ್ಳೆಯ ಅದ್ಭುತ ಕಾದಂಬರಿಯಾದರೋ ಮಂತ್ರ ಹಾಕಿದವನಿಂದಲೇ ಅದರ ಲೆಕ್ಕ ಕೇಳುತ್ತದೆ. ಯಾವ ಪುಸ್ತಕದಲ್ಲಿ ನಾಯಕನು ಕೋಲು ಬೀಸಿದೊಡನೆ ಕಷ್ಟಗಳೆಲ್ಲ ಪುಕ್ಕಟೆಯಾಗಿ ಕರಗುತ್ತವೆಯೋ ಅದನ್ನು ಕಪಾಟಿನಲ್ಲೇ ಬಿಡಿ.

ಈ ಅಳತೆಗೆ ಅತ್ಯಂತ ಚೆನ್ನಾಗಿ ಒಪ್ಪುವುದು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’. ಇದು 1968ರಲ್ಲಿ ಪ್ರಕಟವಾಯಿತು. ದ್ವೀಪಗಳೇ ತುಂಬಿದ ಲೋಕವೊಂದರಲ್ಲಿ ಗೆಡ್ ಎಂಬ ಆಡು ಕಾಯುವ ಹುಡುಗನಿದ್ದಾನೆ. ಅವನ ಮೈಬಣ್ಣ ಕಂದು. ಬಿಳಿಯ ನಾಯಕರೇ ತುಂಬಿದ್ದ ಆ ಕಾಲದ ಪುಸ್ತಕಗಳಲ್ಲಿ ಲೇಖಕಿ ಬೇಕೆಂದೇ ಮಾಡಿದ ಬದಲಾವಣೆ ಇದು. ಪ್ರತಿಯೊಂದು ವಸ್ತುವಿಗೂ ಒಂದು ನಿಜನಾಮವಿದೆ, ಅದನ್ನು ಬಲ್ಲವನಿಗೆ ಅದರ ಮೇಲೆ ಅಧಿಕಾರವುಂಟು ಎಂಬುದು ಅಲ್ಲಿಯ ವಿದ್ಯೆಯ ಮೂಲಸೂತ್ರ. ಮೌನಿಯಾದ ಮೊದಲ ಗುರುವಿನ ತಾಳ್ಮೆ ಸಾಲದೆಂದು ದೊಡ್ಡ ವಿದ್ಯಾಪೀಠಕ್ಕೆ ಹೋದ ಗೆಡ್, ಸಹಪಾಠಿಯ ಚುಚ್ಚುಮಾತಿಗೆ ಕೆರಳಿ, ತನ್ನ ಹಿರಿಮೆ ತೋರಿಸಲು ಸತ್ತವರ ಆತ್ಮವನ್ನು ಕರೆಯುತ್ತಾನೆ. ಆಗ ತೆರೆದ ಬಿರುಕಿನಿಂದ ಕರಿಯ ನೆರಳೊಂದು ನುಗ್ಗಿ ಅವನ ಮುಖವನ್ನು ಸೀಳುತ್ತದೆ. ಆ ಬಿರುಕನ್ನು ಮುಚ್ಚಲು ಹೋಗಿ ವೃದ್ಧ ಮಹಾಗುರುವು ಪ್ರಾಣ ಕಳೆದುಕೊಳ್ಳುತ್ತಾನೆ. ಮುಂದಿನದೆಲ್ಲ ಆ ನೆರಳಿನಿಂದ ಓಡುವ, ಕಡೆಗೆ ತಿರುಗಿ ನಿಂತು ಅದನ್ನೇ ಬೆನ್ನಟ್ಟುವ ಕಥೆ. ನೆರಳಿನ ಹೆಸರೇನೆಂಬುದನ್ನು ಇಲ್ಲಿ ಹೇಳಿಬಿಟ್ಟರೆ ಓದುವ ಸುಖವೇ ಹೋದೀತು. ಹದಿಮೂರು ದಾಟಿದ, ಸ್ಪರ್ಧೆಯ ಬಿಸಿಯಲ್ಲಿ ಬೇಯುತ್ತಿರುವ ಮಕ್ಕಳಿಗೆ ಇದಕ್ಕಿಂತ ಉತ್ತಮ ಪುಸ್ತಕ ನನಗೆ ತೋರದು. ಮೇಲಾಗಿ ಗಾತ್ರವೂ ಚಿಕ್ಕದು.

ಹತ್ತು-ಹನ್ನೊಂದರ ವಯಸ್ಸಿಗೆ ಟೋಲ್ಕಿನ್ ಅವರ ‘ದ ಹಾಬಿಟ್’ (1937) ತಕ್ಕುದು. ಊಟ-ಉಪಚಾರ, ಬೆಚ್ಚಗಿನ ಮನೆ ಇಷ್ಟನ್ನೇ ಪ್ರೀತಿಸುವ ಗಿಡ್ಡ ದೇಹದ ಬಿಲ್ಬೋ, ಹದಿಮೂರು ಮಂದಿ ಕುಬ್ಜರೊಡನೆ ಘಟಸರ್ಪದ ನಿಧಿಯನ್ನು ಹುಡುಕಿ ಹೊರಡುತ್ತಾನೆ. ಸರ್ಪ ಸತ್ತ ಮೇಲೂ ಕಥೆ ಮುಗಿಯುವುದಿಲ್ಲ ಎಂಬುದೇ ಇದರ ವೈಶಿಷ್ಟ್ಯ. ಹೊನ್ನಿನ ಮೋಹ ಗೆಳೆಯರನ್ನೇ ಹೇಗೆ ಕುರುಡಾಗಿಸುತ್ತದೆಂಬುದು ಆಮೇಲೆ ಬರುತ್ತದೆ. ಯುದ್ಧ ತಪ್ಪಿಸಲೆಂದು ಬಿಲ್ಬೋ ಅಮೂಲ್ಯ ರತ್ನವನ್ನು ಎದುರು ಪಕ್ಷಕ್ಕೆ ಒಪ್ಪಿಸಿ, ತನ್ನವರ ಕೋಪಕ್ಕೆ ಗುರಿಯಾಗುವ ಸನ್ನಿವೇಶವನ್ನು ಮಕ್ಕಳೊಡನೆ ಕುಳಿತು ಚರ್ಚಿಸಿರಿ. ಅವನು ಮಾಡಿದ್ದು ಸರಿಯೇ? ಚಂದಮಾಮದ ಬೇತಾಳ ಕಥೆಗಳನ್ನು ಓದಿ ಬೆಳೆದ ಹಿರಿಯರಿಗೆ ಇಂತಹ ಪ್ರಶ್ನೆಗಳು ಹೊಸವೇನಲ್ಲ.

ಜರ್ಮನ್ ಲೇಖಕ ಮೈಕೆಲ್ ಎಂಡೆ ಅವರ ‘ಮೋಮೋ’ (1973) ಮಕ್ಕಳಿಗಿಂತ ಮೊದಲು ತಂದೆತಾಯಿಗಳು ಓದಬೇಕಾದ ಪುಸ್ತಕ. ಇಂಗ್ಲಿಷಿನಲ್ಲಿ ದೊರೆಯುತ್ತದೆ. ಊರಂಚಿನ ಹಾಳು ರಂಗಮಂದಿರದಲ್ಲಿ ವಾಸಿಸುವ ಅನಾಥ ಬಾಲೆ ಮೋಮೋ. ಅವಳಿಗಿರುವ ಶಕ್ತಿ ಒಂದೇ, ಇನ್ನೊಬ್ಬರ ಮಾತನ್ನು ಮನಸ್ಸಿಟ್ಟು ಕೇಳುವುದು. ಆ ಊರಿಗೆ ಬೂದುಬಣ್ಣದ ಉಡುಪಿನ ಗೃಹಸ್ಥರು ಬಂದು, ಸಮಯವನ್ನು ಉಳಿಸಿ ನಮ್ಮ ಬ್ಯಾಂಕಿನಲ್ಲಿಡಿ ಎಂದು ಜನರನ್ನು ಒಲಿಸುತ್ತಾರೆ. ಕ್ಷೌರಿಕನೊಬ್ಬನಿಗೆ ಸೆಕೆಂಡುಗಳ ಲೆಕ್ಕ ಹಾಕಿ ತೋರಿಸುತ್ತಾರೆ: ಮುದಿ ತಾಯಿಯೊಡನೆ ಮಾತನಾಡುವ ಹೊತ್ತು ವ್ಯರ್ಥ, ಅವಳನ್ನು ವೃದ್ಧಾಶ್ರಮಕ್ಕೆ ಸೇರಿಸು, ಗಿರಾಕಿಗಳೊಡನೆ ಹರಟೆ ವ್ಯರ್ಥ, ಬಿಡು. ಉಳಿಸಿದ ಸಮಯ ಯಾರಿಗೂ ಮರಳಿ ಸಿಗುವುದಿಲ್ಲ. ಕದ್ದವರು ಅದನ್ನು ಚುಟ್ಟಾ ಮಾಡಿ ಸೇದುತ್ತಾರೆ! ದೊಡ್ಡವರಿಗೆ ಬಿಡುವಿಲ್ಲದ ಕಾರಣ ಮಕ್ಕಳನ್ನು ಒಂದೆಡೆ ಕೂಡಿಹಾಕಿ, ಉಪಯುಕ್ತವಾದ ಆಟಗಳನ್ನೇ ಆಡಿಸಲಾಗುತ್ತದೆ. ಬೆಳಗ್ಗೆ ಒಂದು ಪಾಠ, ಸಂಜೆ ಇನ್ನೊಂದು ಪಾಠವೆಂದು ಮಕ್ಕಳನ್ನು ಓಡಿಸುವ ನಮಗೆ ಇದು ಬೇರೆ ಲೋಕದ ಕಥೆಯೆನಿಸೀತೇ? ನಿಮ್ಮ ಮಗು ಈ ಪುಸ್ತಕ ಓದಿ ನಿಮ್ಮನ್ನೇ ಪ್ರಶ್ನಿಸಿದರೆ ಗದರಿಸಬೇಡಿ.

ಸಲ್ಮಾನ್ ರಶ್ದಿ ತಮ್ಮ ಮಗನಿಗಾಗಿ ಬರೆದ ‘ಹಾರೂನ್ ಅಂಡ್ ದ ಸೀ ಆಫ್ ಸ್ಟೋರೀಸ್’ (1990) ಮಾತು ಕಳೆದುಕೊಂಡ ಕಥೆಗಾರ ತಂದೆಯನ್ನು ಉದ್ಧರಿಸಲು ಮಗ ಹೊರಡುವ ಲವಲವಿಕೆಯ ಕಥೆ. ಗಪ್, ಚುಪ್, ಖತಮ್-ಶುದ್ ಮುಂತಾದ ಹೆಸರುಗಳೇ ನಗು ತರಿಸುತ್ತವೆ. ಆದರೆ ತಾಯಿ ಮನೆ ಬಿಟ್ಟುಹೋಗುವ ಪ್ರಸಂಗ ಆರಂಭದಲ್ಲಿದೆ, ಕಡೆಗೆ ಮರಳುತ್ತಾಳೆ. ಎಳೆಯ ಮನಸ್ಸು ಕಲಕಬಹುದೆಂದು ತೋರಿದರೆ ಜೊತೆಯಲ್ಲಿದ್ದು ಓದಿಸಿರಿ.

ಹ್ಯಾರಿ ಪಾಟರನ ಹೆಸರನ್ನು ಮಕ್ಕಳೇ ಹೇಳುತ್ತಾರೆ, ನಾನು ಹೇಳಬೇಕಾದುದಿಲ್ಲ. 1997ರಿಂದ 2007ರವರೆಗೆ ಬಂದ ಆ ಏಳು ಸಂಪುಟಗಳಲ್ಲಿ ನಾಯಕನು ಹನ್ನೊಂದನೆಯ ವಯಸ್ಸಿನಿಂದ ವರ್ಷಕ್ಕೊಂದರಂತೆ ಬೆಳೆಯುತ್ತಾನೆ, ಕಥೆಯೂ ಕತ್ತಲಾಗುತ್ತ ಹೋಗುತ್ತದೆ. ನಾಲ್ಕನೆಯದರಲ್ಲಿ ವಿದ್ಯಾರ್ಥಿಯೊಬ್ಬನ ಕೊಲೆಯೇ ಇದೆ. ಆದುದರಿಂದ ಹತ್ತು ವರ್ಷದವರಿಗೆ ಮೊದಲ ಮೂರು ಸಾಕು. ಸಿ. ಎಸ್. ಲೂಯಿಸರ ‘ನಾರ್ನಿಯಾ’ ಮಾಲೆಯಲ್ಲಿ (1950-56) ತಪ್ಪಿತಸ್ಥ ಬಾಲಕನಿಗಾಗಿ ಸಿಂಹವು ಪ್ರಾಣ ಕೊಟ್ಟು ಮತ್ತೆ ಎದ್ದು ಬರುವುದರ ಹಿಂದೆ ಲೇಖಕರ ಕ್ರೈಸ್ತ ಶ್ರದ್ಧೆಯಿದೆ. ಅದನ್ನು ತಿಳಿದೇ ಕೊಡಿರಿ. ತಿಳಿದ ಮೇಲೆ ಅಂಜಿ ಬಚ್ಚಿಡಬೇಕಾದ ಕಾರಣ ನನಗೆ ಕಾಣದು.

ಇವೆಲ್ಲ ಇಂಗ್ಲಿಷ್ ಪುಸ್ತಕಗಳಾದವಲ್ಲ, ಕನ್ನಡ ಮಾಧ್ಯಮದ ಮಕ್ಕಳ ಗತಿಯೇನು ಎಂದು ಕೇಳಬಹುದು. 1865ರ ‘ಆಲಿಸ್’ ಕಥೆಯನ್ನು ನಾ. ಕಸ್ತೂರಿಯವರು ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಕನ್ನಡದ ಮನೆಯ ಹುಡುಗಿಯನ್ನಾಗಿಸಿ ಎಷ್ಟೋ ಕಾಲವಾಯಿತು. ಗ್ರಂಥಾಲಯದಲ್ಲಿ ಕೇಳಿ ನೋಡಿರಿ. ಉಳಿದವುಗಳಿಗೆ ಮನೆಯ ಅಕ್ಕ-ಅಣ್ಣಂದಿರನ್ನು ದುಡಿಸಿಕೊಳ್ಳಿ. ಹಗಲು ಅವರು ಒಂದು ಅಧ್ಯಾಯ ಓದಲಿ, ರಾತ್ರಿ ಊಟವಾದ ಮೇಲೆ ಅದನ್ನು ತಮ್ಮ-ತಂಗಿಯರಿಗೆ ಕನ್ನಡದಲ್ಲಿ ಹೇಳಲಿ. ‘ಹಾಬಿಟ್’ನಲ್ಲಿ ಗವಿಯ ಕತ್ತಲಲ್ಲಿ ಬಿಲ್ಬೋನಿಗೂ ಗೊಲ್ಲಮ್ ಎಂಬ ಪ್ರಾಣಿಗೂ ಒಗಟಿನ ಪಂದ್ಯ ನಡೆಯುತ್ತದೆ, ಸೋತರೆ ಪ್ರಾಣವೇ ಹೋಗುವ ಪಂದ್ಯ. ಅಲ್ಲಿಗೆ ಬಂದಾಗ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಅಜ್ಜಿಯಿಂದ ನಾಲ್ಕು ಒಗಟು ಹೇಳಿಸಿರಿ.