ಪೆಟ್ರೋಲಿಗೆ ತಾಯಿತ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರು ಗಾಡಿಯ ವಿಷಯವಾಗಿ ಬರೆಯಹೊರಟರೆ ವಾಚಕರು ಹುಬ್ಬೇರಿಸುವುದು ಸಹಜ. "ಇತಿಹಾಸ ಓದುವವನಿಗೆ ಎಂಜಿನ್ನಿನ ಗೊಡವೆ ಏಕಯ್ಯಾ?" ಎಂದು ಮಿತ್ರರು ಈಗಾಗಲೇ ಕೇಳಿದ್ದಾರೆ. ಗೊಡವೆ ನನಗೂ ಬೇಕಿರಲಿಲ್ಲ. ಆದರೆ ನನ್ನ ಮಾತನ್ನು ನಂಬಿ ನಾಲ್ವರು ಹಣ ಕಳೆದುಕೊಂಡಿದ್ದಾರೆ. ಅವರಲ್ಲಿ ಒಬ್ಬರು ನನ್ನ ಸೋದರಮಾವ. ಆದಕಾರಣ ಈ ಬರಹವನ್ನು ಅರ್ಧ ಅಭಿಪ್ರಾಯವೆಂದೂ ಅರ್ಧ ತಪ್ಪೊಪ್ಪಿಗೆಯೆಂದೂ ಎಣಿಸಬೇಕು.

ಮಾವನವರು ಅಜ್ಜಂಪುರದವರು. ಹಳೆಯ ಓಮ್ನಿ ಗಾಡಿಯೊಂದನ್ನು ಇಟ್ಟುಕೊಂಡು ಅಜ್ಜಂಪುರಕ್ಕೂ ತರೀಕೆರೆಗೂ ನಡುವೆ ಬಾಡಿಗೆಗೆ ಓಡಿಸುತ್ತಾರೆ. ಮದುವೆಯ ಜನ, ಆಸ್ಪತ್ರೆಗೆ ಹೊರಟವರು, ಒಮ್ಮೊಮ್ಮೆ ಈರುಳ್ಳಿ ಮೂಟೆ, ಯಾವುದನ್ನೂ ಬೇಡವೆನ್ನುವುದಿಲ್ಲ. ಸಂಜೆ ಮನೆಗೆ ಬಂದು ಮೊದಲು ಪೆಟ್ರೋಲಿನ ಹಣ ತೆಗೆದಿಟ್ಟು, ಉಳಿದುದನ್ನು ಅತ್ತೆಯ ಕೈಗೆ ಕೊಡುವುದು ಅವರ ಪದ್ಧತಿ. 2021ರಲ್ಲಿ ಪೆಟ್ರೋಲು ಲೀಟರಿಗೆ 100 ರೂಪಾಯಿ ದಾಟಿದ ಮೇಲೆ ಅತ್ತೆಯ ಕೈಗೆ ಬರುವ ಪಾಲು ತೆಳುವಾಗುತ್ತ ಬಂದಿತು.

ಹೀಗಿರುವಾಗ ಕಳೆದ ವರ್ಷ ಕಡೂರಿನ ಅಂಗಡಿಯೊಂದರಲ್ಲಿ ನಾನು ಆ ಡಬ್ಬಿಯನ್ನು ಕಂಡೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಒಳಗೆ ಎರಡು ಅಯಸ್ಕಾಂತ. ಪೆಟ್ರೋಲು ಹರಿಯುವ ಕೊಳವೆಗೆ ಬಿಗಿದರೆ ಸಾಕು, ಪೆಟ್ರೋಲಿನ ಕಣಗಳು ಬಿಡಿಬಿಡಿಯಾಗಿ ಪೂರ್ತಿ ಉರಿದು ನೂರಕ್ಕೆ 25ರಷ್ಟು ಉಳಿತಾಯವೆಂದು ಮೇಲೆ ಅಚ್ಚಾಗಿತ್ತು. ಬೆಲೆ 1,500 ರೂಪಾಯಿ. ಓದಿದವನೆಂಬ ಹಮ್ಮಿನಿಂದ ಮಾವನಿಗೆ ಅದರ 'ವಿಜ್ಞಾನ'ವನ್ನು ನಾನೇ ವಿವರಿಸಿದೆ. "ನೀನು ಹೇಳಿದ ಮೇಲೆ ಸರಿಯಪ್ಪ" ಎಂದು ಅವರು ಹಣ ಎಣಿಸಿದರು. ಆ ಮಾತು ಈಗಲೂ ಚುಚ್ಚುತ್ತದೆ.

ಡಬ್ಬಿ ಕೆಲಸ ಮಾಡಿತು! ಲೀಟರಿಗೆ 13 ಕಿಲೋಮೀಟರು ಓಡುತ್ತಿದ್ದ ಗಾಡಿ ಮೊದಲ ಎರಡು ವಾರ 15ರ ಮೇಲೆ ಓಡಿತು. ಮಾವನವರು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದರು. ಇನ್ನೂ ಮೂವರು ಕೊಂಡರು. ನಾನು ಬೀಗಿದೆ. ಪ್ರೌಢಶಾಲೆಯಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರಿಗೆ ಈ ಸುದ್ದಿಯನ್ನು ಸಂಭ್ರಮದಿಂದ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಡಬ್ಬಿ ತೆಗೆದು ಅಳೆದೆಯೇನೋ?"

ಅಳೆದಿರಲಿಲ್ಲ. ಒಂದು ರಾತ್ರಿ ಮಾವನಿಗೆ ತಿಳಿಯದಂತೆ ಡಬ್ಬಿಯ ಮುಚ್ಚಳ ಬಿಚ್ಚಿ ಅಯಸ್ಕಾಂತಗಳನ್ನು ತೆಗೆದು, ಬರಿಯ ಡಬ್ಬಿಯನ್ನು ಇದ್ದಲ್ಲೇ ಬಿಗಿದೆ. ಪ್ರತಿ ಸಲವೂ ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರನ್ನೂ ಹಾಕಿಸಿದ ಲೀಟರನ್ನೂ ಬರೆದಿಟ್ಟೆ. ಖಾಲಿ ಡಬ್ಬಿಯೂ 15 ಕೊಟ್ಟಿತು. ಮರಳಿ ಅಯಸ್ಕಾಂತ ಇಟ್ಟೆ. ಅಷ್ಟರಲ್ಲಿ ತಿಂಗಳು ಕಳೆದಿತ್ತು; ಮಾವನ ಉತ್ಸಾಹ ಇಳಿದಿತ್ತು. ಈ ಸಲ ಬಂದದ್ದು ಹಳೆಯ 13.

ವಾಚಕರಿಗೆ ಗುಟ್ಟು ಹೊಳೆದಿರಬೇಕು. ಡಬ್ಬಿ ಬಂದ ದಿನದಿಂದ ಎಷ್ಟು ಉಳಿಯುತ್ತದೆಂದು ನೋಡುವ ಆಸೆಗೆ ಮಾವನವರು ಚಕ್ರಗಳ ಗಾಳಿ ನೋಡಿಸಿದ್ದರು, ಜನಕ್ಕೆ ಕಾಯುವಾಗ ಎಂಜಿನ್ ಆರಿಸುತ್ತಿದ್ದರು, ಬಸ್ಸನ್ನು ಹಿಂದೆ ಹಾಕುವ ಚಟವನ್ನು ಬಿಟ್ಟಿದ್ದರು. ಉಳಿತಾಯ ನಿಜವೇ, ಅದನ್ನು ಮಾಡಿದ್ದು ಅವರ ಬಲಗಾಲು. ಭಾರತ ಸರ್ಕಾರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ 1978ರಿಂದ ಹೇಳುತ್ತ ಬಂದಿರುವುದೂ ಇದನ್ನೇ: ಗಂಟೆಗೆ 45ರಿಂದ 55 ಕಿಲೋಮೀಟರಿನ ಹದವಾದ ವೇಗ, ಸರಿಯಾದ ಗಾಳಿ, ನಿಂತಾಗ ಎಂಜಿನ್ ಆರಿಸುವುದು. ಇದಕ್ಕೆ ಬೆಲೆಯಿಲ್ಲ, ಆದ್ದರಿಂದ ಮಾರುವವರೂ ಇಲ್ಲ.

ಇನ್ನು 'ಪೂರ್ತಿ ಉರಿಯುತ್ತದೆ' ಎಂಬ ಮಾತು. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಪೆಟ್ರೋಲು ಬಹುಮಟ್ಟಿಗೆ ಪೂರ್ತಿಯೇ ಉರಿಯುತ್ತದೆ. ಉರಿಯದೆ ಹೋಗುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. ನಷ್ಟವಾಗುವುದು ಉರಿದ ಮೇಲೆ: ಶಾಖದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಗಾಳಿಗೆ ಹೋಗುತ್ತದೆ. ಕೊಳವೆಗೆ ಕಟ್ಟಿದ ಅಯಸ್ಕಾಂತ ಅದನ್ನು ಹೇಗೆ ಹಿಡಿದೀತು? ಎರಡು ಮೂರು ಪಾಲಿನ ಗಂಟಿನಿಂದ 25 ಪಾಲು ತೆಗೆದುಕೊಡುತ್ತೇನೆನ್ನುವವನ ಗಣಿತ ನಮ್ಮ ಪರೀಕ್ಷೆಯಲ್ಲಿ ಪಾಸಾಗದು. ಅಜ್ಜಂಪುರದ ಅಮೃತಮಹಲ್ ಹೋರಿಯ ಕೊರಳಿಗೆ ತಾಯಿತ ಕಟ್ಟಿದರೆ ಅದಕ್ಕೆ ಮೇವು ಕಡಿಮೆ ಸಾಕೆಂದು ಯಾವ ರೈತನಾದರೂ ನಂಬುವನೆ? ಗಾಡಿಯ ವಿಷಯ ಬಂದೊಡನೆ ನಾವು ನಂಬುತ್ತೇವೆ.

ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತು. ಕೆಲವು ಮಾತ್ರ ಅತ್ಯಲ್ಪ ಪ್ರಯೋಜನ ತೋರಿದುವು. ಹೇಳಿಕೊಳ್ಳುವಂಥ ಉಳಿತಾಯ ಯಾವುದರಿಂದಲೂ ಆಗಲಿಲ್ಲ. ನಮ್ಮ ನೆರೆಯ ತಮಿಳುನಾಡಿನಲ್ಲಿ 1996ರಲ್ಲಿ ರಾಮರ್ ಪಿಳ್ಳೈ ಎಂಬವರು ಮೂಲಿಕೆಯಿಂದ ನೀರನ್ನೇ ಪೆಟ್ರೋಲು ಮಾಡುವೆನೆಂದಾಗ ದೇಶವೇ ಬೆರಗಾಯಿತು. 2016ರಲ್ಲಿ ಚೆನ್ನೈನ ನ್ಯಾಯಾಲಯ ಅವರಿಗೆ ಮೂರು ವರ್ಷದ ಸಜೆ ವಿಧಿಸಿತು. ಪೆಟ್ರೋಲಿಲ್ಲದೆ ಗಾಡಿ ಓಡದೆಂದು ನಾನು ಹೇಳುತ್ತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ಮೈಸೂರು ಸೀಮೆಯಲ್ಲಿ ಇದ್ದಿಲ ಗ್ಯಾಸಿನಿಂದ ಬಸ್ಸುಗಳು ಓಡಿದುವು. ಅಲ್ಲಿ ಉರಿಯುತ್ತಿದ್ದ ಇದ್ದಿಲು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಬಸ್ಸಿನ ಶಕ್ತಿ ಕುಗ್ಗಿದ್ದೂ ಕಾಣುತ್ತಿತ್ತು. ಅದು ಕಷ್ಟದ ಉಪಾಯ, ಪವಾಡವಲ್ಲ.

ನನ್ನ ಸಹಪಾಠಿಯೊಬ್ಬನ ವಾದ ಬೇರೆ. "ನಂಬಿಕೆಯಿಂದಲೇ ಆಗಲಿ, ನಿಮ್ಮ ಮಾವ ಮೆಲ್ಲಗೆ ಓಡಿಸಿದರಲ್ಲ? 1,500 ರೂಪಾಯಿ ದಂಡವೇನಲ್ಲ" ಎನ್ನುತ್ತಾನೆ. ಚತುರವಾದ ಮಾತು, ನನಗೆ ಒಪ್ಪಿಗೆಯಿಲ್ಲ. ಉಳಿಸಿದ್ದು ತಾವೇ ಎಂದು ಮಾವನಿಗೆ ತಿಳಿದಿರಲಿಲ್ಲ. ಆದ್ದರಿಂದ 13ಕ್ಕೆ ಇಳಿದಾಗ ಅವರು ಕಾಲನ್ನು ನೋಡಿಕೊಳ್ಳಲಿಲ್ಲ, ಡಬ್ಬಿಯ ಕಸುವು ತೀರಿತೆಂದು ಇನ್ನೊಂದನ್ನು ವಿಚಾರಿಸತೊಡಗಿದರು. ಅದು ನೀರನ್ನು ಒಡೆದು ಅನಿಲವನ್ನು ಎಂಜಿನ್ನಿಗೆ ಊದುವ ಯಂತ್ರ, ಬೆಲೆ 8,000 ರೂಪಾಯಿ. ನೀರನ್ನು ಒಡೆಯುವ ವಿದ್ಯುತ್ತನ್ನು ಅದೇ ಎಂಜಿನ್ನೇ ದುಡಿದು ಕೊಡಬೇಕು. ಕೊಟ್ಟಷ್ಟು ಹಿಂದಕ್ಕೆ ಬರುವುದಿಲ್ಲ. ಅತ್ತೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಲು ಹೊರಟಿದ್ದರು. ಆ ದಿನ ನಾನು ಅಯಸ್ಕಾಂತದ ಕಥೆಯನ್ನೆಲ್ಲ ಮಾವನ ಮುಂದೆ ಹೇಳಿಬಿಟ್ಟೆ.

ಬೈಯುವರೆಂದು ತಿಳಿದಿದ್ದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹದಿನೈದು ಓಡಿಸಿದ್ದು ನಾನೇ ಏನೋ?" ಎಂದು ಕೇಳಿದರು.

ಸ್ಟ್ಯಾಂಡಿನ ಮಿಕ್ಕ ಮೂವರಿಗೂ ಹೇಳಿ ಬಂದಿದ್ದೇನೆ. ಇಬ್ಬರು ನಕ್ಕು ಡಬ್ಬಿ ಬಿಚ್ಚಿದರು. ಮೂರನೆಯವರು ಮಾತ್ರ "ನನ್ನ ಗಾಡೀಲಿ ಕೆಲ್ಸ ಮಾಡ್ತಾ ಐತೆ ಬಿಡಪ್ಪ" ಎಂದು ಬಾನೆಟ್ ತೆಗೆಯಲೂ ಬಿಡಲಿಲ್ಲ. ಅಳೆದು ನೋಡೋಣವೆಂದೆ, ಭಾನುವಾರ ಬಾ ಎಂದಿದ್ದಾರೆ. ಈಗಾಗಲೇ ಮೂರು ಭಾನುವಾರ ಹೋಗಿ ಬಂದೆ.