ನೆಟ್ಟ ಲೆಕ್ಕ, ಉಳಿದ ಲೆಕ್ಕ

ಮಕ್ಕಳೇ,

ಹೋದ ವರ್ಷ ಜೂನ್ 5, ವಿಶ್ವ ಪರಿಸರ ದಿನದಂದು ನಮ್ಮ ಬಾದನಹಟ್ಟಿಯಲ್ಲಿ ನಾನೂ ಒಂದು ಹೊಂಗೆ ಸಸಿ ನೆಟ್ಟೆ. ಮೊಮ್ಮಗಳು ಫೋಟೊ ತೆಗೆದಳು. ಮಳೆ ಇರುವಷ್ಟು ದಿನ ಸಸಿ ಚಿಗುರಿತು. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಶಿವರಾತ್ರಿ ಹೊತ್ತಿಗೆ ನೋಡಿದರೆ ಬರೀ ಒಣಕಡ್ಡಿ! “ತಾತ, ಇದಕ್ಕೆ ನೀರು ಹಾಕೋರು ಯಾರಿದ್ರು?” ಎಂದಳು. ನಾನು ತಲೆ ತಗ್ಗಿಸಿದೆ.

ಒಂದು ಸಸಿಯ ಪಾಡೇ ಹೀಗಾದರೆ, ದೊಡ್ಡ ನಗರದಲ್ಲಿ ಲಕ್ಷಗಟ್ಟಲೆ ಸಸಿ ನೆಟ್ಟು ಉಳಿಸುವುದು ಹೇಗೆ? ಬೆಂಗಳೂರು ಅದನ್ನು ಮಾಡಿ ತೋರಿಸಿದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಅಲ್ಲಿ ಸುಮಾರು 15 ಲಕ್ಷ ಸಸಿ ನೆಟ್ಟರು. ಅವರು ಬಡಾವಣೆಯ ಜನರನ್ನೂ ಜೊತೆಗೆ ಸೇರಿಸಿಕೊಂಡರು. ಮನೆ ಮುಂದಿನ ಸಸಿಯನ್ನು ಮನೆಯವರೇ ನೋಡಿಕೊಂಡರು. ಇಂದು ಅಲ್ಲಿನ ಎಷ್ಟೋ ಬೀದಿಗಳ ನೆರಳು ಆ ಕೈಗಳದ್ದೇ.

ಸಾಲುಮರದ ತಿಮ್ಮಕ್ಕನವರೂ ಅಷ್ಟೆ. ಹುಲಿಕಲ್-ಕುದೂರು ರಸ್ತೆಯ ಆಲದ ಸಸಿಗಳಿಗೆ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿದರು.

ನಾನು ಬ್ಯಾಂಕಿನಲ್ಲಿದ್ದವನು. ಎಷ್ಟು ಖಾತೆ ತೆರೆದೆವು ಎನ್ನುವುದು ಒಂದು ಲೆಕ್ಕ, ಖಾತೆಯಲ್ಲಿ ಎಷ್ಟು ಉಳಿದಿದೆ ಎನ್ನುವುದು ಇನ್ನೊಂದು. ಗಿಡಕ್ಕೂ ಎರಡನೆಯದೇ ನಿಜವಾದ ಲೆಕ್ಕ.

ಈ ಸಲ ಅದೇ ಗುಂಡಿಯಲ್ಲಿ ಬೇವು ನೆಟ್ಟಿದ್ದೇವೆ. ಬುಧವಾರದ ನೀರು ನನ್ನದು, ಭಾನುವಾರದ್ದು ಮೊಮ್ಮಗಳದು. ನಿಮ್ಮ ಶಾಲೆಯ ಸಸಿಗಳನ್ನು ನೆಟ್ಟ ದಿನವಲ್ಲ, ಮುಂದಿನ ಯುಗಾದಿಗೆ ಎಣಿಸಿ. ತಾತ-ಅಜ್ಜಿಯರೇ, ಬಿಂದಿಗೆ ಎತ್ತಲು ಆಗದಿದ್ದರೂ ಪರವಾಗಿಲ್ಲ, ನೀರಿನ ದಿನ ನೆನಪಿಸುವ ಕೆಲಸ ನಮ್ಮದು.